ಅಮಾವಾಸ್ಯೆಗೆ ನಿಂತ ಮಗ್ಗ

"ಮಗ್ಗ ಬಂದ್ ಇಟ್ಟೀರಲ್ರಿ!"

ಬಾಗಿಲಲ್ಲಿ ನಿಂತು ಹೀಗೆಂದವನನ್ನು ದಾನೇಶ್ವರಿ ದುರುಗುಟ್ಟಿ ನೋಡಿದಳು. ಹೆಸರು ಗುರುಬಸವ, ಊರು ಯಲಬುರ್ಗಾ ಕಡೆಯ ಮಂಗಳೂರು. ಸರ್ಕಾರದ ಟ್ಯಾಬ್ ಹಿಡಿದು ದೋಟಿಹಾಳದ ಕೈಮಗ್ಗಗಳನ್ನು ಎಣಿಸಲು ಬಂದಿದ್ದ. ನೇಯುತ್ತಿರುವ ಫೋಟೊ ಇದ್ದವರಿಗೆ ಮಾತ್ರ ಸರ್ಕಾರದಿಂದ ಹೊಸ ಮಗ್ಗ!

"ಇವತ್ತು ಅಮಾಸಿ ರೀ. ನಾವು ಮಗ್ಗಕ್ಕ ಕೈ ಹಚ್ಚಂಗಿಲ್ಲ."

"ಸುಮ್ನ ಲಾಳಿ ಹಿಡ್ಕೊಂಡು ಕುಂದರ್ರಿ, ಫೋಟೊ ತಗೊಂಡು ಹೋಗ್ತೇನಿ."

"ಸುಳ್ಳ ಸುಳ್ಳ ನೇಯೂದು ನಮ್ಮಪ್ಪ ಕಲಿಸಿಲ್ರಿ!"

ಇನ್ನೊಂದು ದಿನ ಎಣಿಸಿದರಾಯಿತೆಂದು ಗುರುಬಸವ ಟ್ಯಾಬನ್ನು ಚೀಲಕ್ಕೆ ಹಾಕಿದ. ಆದರೆ ಕಣ್ಣು? ಅದು ಅವಳ ಮೇಲೆಯೇ ನಿಂತುಬಿಟ್ಟಿತು.

ಮುಂದಿನ ಭಾನುವಾರ ಮತ್ತೆ ಬಂದ. ಅವ್ವನಿಗೆ ದಾಳಿಂಬೆ ಬಣ್ಣದ ಇಲಕಲ್ ಸೀರೆ ಬೇಕು ಎಂಬ ನೆವ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ? ದಾನೇಶ್ವರಿಯ ತಾಯಿ ಪಕ್ಕೀರವ್ವ ನಕ್ಕು, ಮೊದಲು ಒಪ್ಪಿಕೊಂಡ ಸೀರೆಗಳು ಮುಗಿದ ಮೇಲೆ ಅದನ್ನು ಏರಿಸುವುದಾಗಿ ಹೇಳಿ ಚಹಾಕ್ಕಿಟ್ಟಳು.

ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಎದುರು ಕೂತು ಎಳೆ ಕೊಡಲು ಇನ್ನೊಬ್ಬರು ಬೇಕೇ ಬೇಕು. ಅಪ್ಪ ತೀರಿದ ಮೇಲೆ ಆ ಜಾಗ ಖಾಲಿಯಿತ್ತು. ಅವ್ವನ ಕಣ್ಣು ಮಂಜು. ಭಾನುವಾರಗಳಲ್ಲಿ ಗುರುಬಸವ ಅಲ್ಲಿ ಕೂರತೊಡಗಿದ. ಎಳೆ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಏನೂ ಆಗದವರಂತೆ ತಲೆ ತಗ್ಗಿಸುತ್ತಿದ್ದರು...

ಮೂರು ತಿಂಗಳಿಗೆ ಪಟ್ಟಿ ಬಂತು. ಪಕ್ಕದ ಮನೆಯ ಕರಿಯವ್ವನಿಗೆ ಹೊಸ ಮಗ್ಗ. ದಾನೇಶ್ವರಿಯ ಹೆಸರಿನ ಮುಂದೆ ಎರಡೇ ಪದ: 'ಮಗ್ಗ ಸ್ಥಗಿತ'.

ಅಪ್ಪನ ಮಗ್ಗದ ಕಂಬವನ್ನು ಗೆದ್ದಲು ತಿಂದಿತ್ತು, ಇನ್ನೊಂದು ವರ್ಷ ಬಾಳುವುದು ಕಷ್ಟ. ಅದಕ್ಕಿಂತ ಹೆಚ್ಚು ನೊಂದದ್ದು ಅವಳ ಮನಸ್ಸು. 'ಎದುರಿಗೆ ಕೂತು ಎಳೆ ಕೊಟ್ಟವನೇ ಹೀಗೆ ಬರೆದನೇ?'

ಫೋನ್ ಹಚ್ಚಿ ಕೇಳಿಯೇಬಿಟ್ಟಳು.

"ನಾ ಬರದಿಲ್ಲ ದಾನೇಶ್ವರಿ... ತಪ್ಪು ನಂದ ಐತಿ ಖರೆ, ಆದ್ರ..."

"ತಪ್ಪು ನಿಮ್ದ ಅಂದ ಮ್ಯಾಲ ಮುಗೀತು!"

ಆಮೇಲೆ ಅವನ ಕರೆ ಬಂದರೆ ಎತ್ತಲಿಲ್ಲ. ಕರೆ ನಿಂತ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಬೈಕಿನ ಸಪ್ಪಳವಾದರೆ ಲಾಳಿ ಹಿಡಿದ ಕೈ ತಾನಾಗಿಯೇ ನಿಲ್ಲುತ್ತಿತ್ತು. ಮಗ್ಗದ ಮೇಲಿನ ಸೀರೆಯ ಒಡಲು ಮುಗಿದು, ಸೆರಗು ಕೂಡಿಸುವಲ್ಲಿ ಬಂದು ನಿಂತಿತು.

"ಎಳಿ ಕೊಡಾಕ ಕರಿಯವ್ವನ್ನ ಕರೀಲೇನವಾ?"

"ಬ್ಯಾಡ ಬೇ."

ಎದುರಿನ ಜಾಗದಲ್ಲಿ ಅವನು ಕೂರುತ್ತಿದ್ದ ಚಾಪೆ. ದಿನಾ ಕೊಡವಿ ಮತ್ತೆ ಅಲ್ಲೇ ಹಾಸುತ್ತಿದ್ದಳು. ಯಾರಿಗಾಗಿ ಎಂದು ಅವ್ವ ಕೇಳಲಿಲ್ಲ.

ಎರಡು ತಿಂಗಳು ಕಳೆದು ಮತ್ತೊಂದು ಅಮಾವಾಸ್ಯೆ. ಬಾಗಿಲಲ್ಲಿ ಗುರುಬಸವ! ಸೊರಗಿದ್ದ.

"ಇವತ್ತ್ಯಾಕ ಬಂದ್ರಿ?"

"ಮಗ್ಗದ ಸಪ್ಪಳ ಇರಂಗಿಲ್ಲ, ಇವತ್ತರ ನನ್ನ ಮಾತು ಕೇಳ್ತೀರಿ ಅಂತ ಬಂದೆ. ನಿಮ್ಮ ಮನಿ ಎಣಿಸೂದನ್ನ ನನ್ನ ಜೋಡಿ ಕೆಲಸ ಮಾಡೋ ಶಬ್ಬೀರಗ ಬಿಟ್ಟುಕೊಟ್ಟಿದ್ದೆ."

"ಯಾಕ?"

"ನಿಮ್ಮನ್ನ ಲಗ್ನಕ್ಕ ಕೇಳಾಕ ಬರಬೇಕಂತ ಇದ್ದೆ... ಬೇಕಾದಾಕಿಗೆ ಮಗ್ಗ ಕೊಡಿಸ್ಯಾನ ಅಂತ ಊರು ನಿಮಗ ಅನಬಾರದು. ಆದ್ರ ಅಮಾಸಿಗೆ ಹೋಗಬ್ಯಾಡ ಅಂತ ಅವಂಗ ಹೇಳೂದ ಮರತೆ. ನಾ ಮೊದಲ ಬಂದು ಹೋದ ಮುಂದಿನ ಅಮಾಸಿಗೇ ಅಂವ ಬಂದಾನ, ಯಾರನ್ನೂ ಕರೀದ ಬಾಗಲದಾಗ ನಿಂತು ನೋಡಿ ಹೋಗ್ಯಾನ."

ದಾನೇಶ್ವರಿಗೆ ಅಳು ಉಕ್ಕಿ ಬಂತು. ನನ್ನ ಮಾನ ಕಾಯಲು ಹೋಗಿ ಮಾಡಿದ ತಪ್ಪಿಗೆ ಅವನಿಗೆ ಇಷ್ಟು ದಿನ ಶಿಕ್ಷೆ ಕೊಟ್ಟೆನಲ್ಲ!

"ಹೇಳಾಕ ಇಷ್ಟು ದಿನ ಬೇಕಾತೇನ್ರಿ?"

"ಫೋನ್ ಎತ್ತಿದ್ರೇನು ನೀವು? ಮತ್ತ ಎಣಿಸ್ರಿ ಅಂತ ಕೊಪ್ಪಳದ ಆಫೀಸಿಗೆ ಅಲದಾಡಿದೆ. ಸೋಮವಾರ ಬ್ಯಾರೆಯವರು ಬರ್ತಾರ. ಅವರು ಏನರ ಬರೀಲಿ, ನನಗ ನಿಮ್ಮ ಉತ್ತರ ಬೇಕು."

ಅವಳು ಕಣ್ಣೊರೆಸಿಕೊಂಡಳು.

"ನಾಳೆ ಸೆರಗು ಕೂಡಿಸೂದೈತ್ರಿ. ಎದುರಿಗೆ ಕುಂದ್ರಾಕ ಒಬ್ರು ಬೇಕು."

"ನಾಳೆ ಒಂದ ದಿನಕ್ಕ?"

"ಇದು ಮುಗದ ಮ್ಯಾಲ ಮತ್ತೊಂದು ಸೀರಿ ಏರಿಸ್ತೇನಿ... ಅದು ಮುಗದ ಮ್ಯಾಲ ಮತ್ತೊಂದು..."

ಗುರುಬಸವ ನಕ್ಕ. ಆಮೇಲೆ ಮಗ್ಗದ ಕಡೆ ನೋಡಿದವನ ನಗು ನಿಂತಿತು. ದಾಳಿಂಬೆ ಬಣ್ಣ!

"ಇದು..."

"ನಿಮ್ಮ ಅವ್ವಾರದ ರೀ. ಸಿಟ್ಟಿನ್ಯಾಗೂ ಬಿಡದ ನೇಯ್ದೇನಿ."