ಎಷ್ಟು ಹೊತ್ತು ಕಾಯಬೇಕು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕೂರಲಿಲ್ಲ. ಬಟ್ಟೆ ಹೊಲಿಯುವವಳು. ಎದೆಯ ಬಳಿ ಸಿಕ್ಕಿಸಿಕೊಂಡಿದ್ದ ಸೂಜಿಯಲ್ಲಿ ನಿನ್ನೆಯ ದಾರ ಹಾಗೇ ಇತ್ತು.

"ಯಜಮಾನ್ರು ಹೋಗಿದ್ದಕ್ಕೆ ಕಂಪ್ಲೇಂಟ್ ಅಲ್ಲ ಮೇಡಂ. ಅವರು ಉಳಿಯೋ ಜೀವ ಅಲ್ಲ ಅಂತ ಗೊತ್ತಿತ್ತು. ಫೋನ್ ಯಾಕೆ ಬರ್ಲಿಲ್ಲ? ಅದು ಹೇಳಿ ಸಾಕು."

ಇನ್ಸ್‌ಪೆಕ್ಟರ್ ನೀರಿನ ಲೋಟ ಅವಳ ಮುಂದೆ ಸರಿಸಿದಳು. ಸಂಗತಿ ನಿಧಾನವಾಗಿ ಹೊರಬಂತು. ಗಂಡನಿಗೆ ಉಸಿರಾಡುವ ಸ್ನಾಯುಗಳು ಸೋತಿದ್ದವು. ಆಸ್ಪತ್ರೆಯವರು ಉಸಿರಿನ ಯಂತ್ರವನ್ನು ಮನೆಗೇ ಕೊಟ್ಟು, ಅದನ್ನು ತಮ್ಮ ನಿಗಾ ಕೊಠಡಿಗೆ ನೆಟ್‌ವರ್ಕ್ ಮೂಲಕ ಜೋಡಿಸಿದ್ದರು. ಯಂತ್ರ ಸುಮ್ಮನಾದರೆ ಅರ್ಧ ನಿಮಿಷದಲ್ಲಿ ಮನೆಯವರಿಗೆ ಫೋನ್ ಬರುತ್ತದೆ ಎಂದಿದ್ದರು. ಆ ಮಾತನ್ನು ನಂಬಿಯೇ ಅವಳು ಪಕ್ಕದ ಬೀದಿಯ ಅಂಗಡಿಗೆ ಹೋಗಿ ಹೊಲಿಯುತ್ತಿದ್ದಳು. ಸೋಮವಾರ ಮಧ್ಯಾಹ್ನ ಕರೆಂಟು ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. ಮುಕ್ಕಾಲು ಗಂಟೆಯ ಮೇಲೆ ಅವಳು ಮನೆಗೆ ಬಂದಾಗ ಹೊದಿಕೆ ನೆಲಕ್ಕೆ ಬಿದ್ದಿತ್ತು.

"ಒದ್ದಾಡಿದ್ದಾರೆ," ಎಂದಳು. ಅಷ್ಟೇ.

ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಮನೆಯ ಪಂಚನಾಮೆ ನಡೆಯಿತು. ಬ್ಯಾಟರಿ ಸತ್ತಿತ್ತು, ಯಂತ್ರ ಸರಿಯಿತ್ತು. ಅವಳ ಫೋನಿಗೆ ಆಸ್ಪತ್ರೆಯಿಂದ ಒಂದು ಕರೆಯೂ ಬಂದಿರಲಿಲ್ಲ.

ಆಸ್ಪತ್ರೆಯ ನಿಗಾ ಕೊಠಡಿಯಲ್ಲಿ ಗೋಡೆಯಗಲದ ಪರದೆ, ಅದರ ಮೇಲೆ ಮನೆಗೊಂದರಂತೆ ಹಸಿರು ಚುಕ್ಕಿ; ಯಂತ್ರದ ಸಂಪರ್ಕ ಕಡಿದರೆ ಅದು ಕೆಂಪಾಗಬೇಕು. ಕೂತಿದ್ದ ನರ್ಸಮ್ಮನ ಕಣ್ಣು ಅತ್ತು ಕೆಂಪಾಗಿತ್ತು.

"ಹಸಿರೇ ಇತ್ತು ಮೇಡಂ. ಊಟಕ್ಕೂ ಎದ್ದಿರ್ಲಿಲ್ಲ ನಾನು. ಅವರ ಹೆಂಡತಿ ಫೋನ್ ಮಾಡಿ ಕಿರುಚ್ತಿದ್ರು, ಇಲ್ಲಿ ಇನ್ನೂ ಹಸಿರು."

ಜೊತೆಗೆ ಬಂದಿದ್ದ ದಫೇದಾರ ಮೂಲೆಯಲ್ಲಿದ್ದ ಹೆಚ್ಚುವರಿ ಯಂತ್ರವೊಂದನ್ನು ತೋರಿಸಿ, "ಇದನ್ನ ಜೋಡ್ಸಿ, ಆಮೇಲೆ ಕಿತ್ತು ನೋಡೋಣ್ವಾ?" ಎಂದ. ಕಿತ್ತರು. ಎಲ್ಲರೂ ಪರದೆ ನೋಡುತ್ತ ಕೂತರು. ನರ್ಸಮ್ಮ ತಂದ ಕಾಫಿ ಆರಿತು. ಚುಕ್ಕಿ ಹಸಿರಾಗಿಯೇ ಇತ್ತು.

ಕರೆಸಿದ ಎಂಜಿನಿಯರ್ ಸರ್ವರ್ ತೆರೆದು ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟ.

"ಏನು?" ಎಂದಳು ಇನ್ಸ್‌ಪೆಕ್ಟರ್.

"ಯಂತ್ರ, ಸರ್ವರ್ ಎರಡೂ 'ಇದ್ದೀಯಾ', 'ಇದ್ದೀನಿ' ಅಂತ ಮಾತಾಡ್ಕೊಳ್ತಾ ಇರ್ತವೆ ಮೇಡಂ. ಉತ್ತರ ಬರ್ದೆ ಇದ್ರೆ ಎಷ್ಟು ಹೊತ್ತು ಕಾದು ಕೈಬಿಟ್ಟು ಕೆಂಪು ತೋರಿಸ್ಬೇಕು ಅಂತ ಒಂದು ಸೆಟ್ಟಿಂಗ್ ಇದೆ. ಮೂವತ್ತು ಸೆಕೆಂಡ್ ಇತ್ತು. ಈಗ ಒಂದು ಗಂಟೆ ಇದೆ."

"ತಾನಾಗೇ ಬದಲಾಗತ್ತಾ?"

"ಇಲ್ಲ. ಕೈಯಿಂದ ಬದಲಾಯಿಸ್ಬೇಕು. ನನಗೆ ಮತ್ತು ತಂತಿಯಮ್ಮಂಗೆ ಮಾತ್ರ ಅನುಮತಿ ಇರೋದು. ಬದಲಾಗಿರೋದು ಹೋದ ವಾರ. ನಾನು ಆಗ ರಜೆ ಮೇಲಿದ್ದೆ."

ತಂತಿಯಮ್ಮ ಎಂದರೆ ಅವನ ಮೇಲಿನ ಎಂಜಿನಿಯರ್. ನರ್ಸುಗಳು ಇಟ್ಟ ಹೆಸರು.

ಇನ್ಸ್‌ಪೆಕ್ಟರ್ ನರ್ಸಮ್ಮನತ್ತ ತಿರುಗಿದಳು. "ಹೋದ ವಾರಕ್ಕೆ ಮೊದಲು ಪದೇ ಪದೇ ಕೆಂಪಾಗ್ತಿದ್ದ ಮನೆ ಯಾವುದಾದ್ರೂ ಇತ್ತಾ?"

"ಒಂದಿತ್ತು. ತಿಂಗಳಲ್ಲಿ ಎರಡು ಸಲ ಕೆಂಪಾಗಿತ್ತು. ಮೂರನೇ ಸಲ ಆದ್ರೆ ಆ ಮನೇಲಿ ಸಿಗ್ನಲ್ ನಿಲ್ಲಲ್ಲ ಅಂತ ಯಂತ್ರ ವಾಪಸ್ ತಗೊಂಡು ರೋಗೀನ ವಾರ್ಡಿಗೆ ಹಾಕ್ತಾರೆ, ಅದು ನಿಯಮ." ಮಾತು ಮುಗಿಯುವ ಮೊದಲೇ ನರ್ಸಮ್ಮನಿಗೆ ತಿಳಿದುಹೋಯಿತು. "ಅಯ್ಯೋ. ಅದು ತಂತಿಯಮ್ಮನ ಮನೆ. ರೋಗಿ ಅವರಕ್ಕ."

ಸೆಟ್ಟಿಂಗನ್ನು ಮೊದಲಿನಂತೆ ಮಾಡಲು ಎಂಜಿನಿಯರಿಗೆ ಹೇಳಿ ಇನ್ಸ್‌ಪೆಕ್ಟರ್ ಹೊರಟಳು. ಜೀಪಿನಲ್ಲಿ ಅವಳಿಗೆ ತನ್ನ ಮನೆ ನೆನಪಾಯಿತು. ಡ್ಯೂಟಿಯಿಂದ ಮನೆಗೆ ಫೋನ್ ಮಾಡಿ "ಹುಷಾರಾ?" ಎಂದು ಕೇಳಿ, ಆ ಕಡೆಯಿಂದ "ಹ್ಞೂ" ಬಂದ ಕೂಡಲೇ ಇಟ್ಟುಬಿಡುವುದು ಅವಳಿಗೂ ಅಭ್ಯಾಸವಾಗಿತ್ತು. ಆ "ಹ್ಞೂ" ಹಿಂದೆ ಏನಿದೆಯೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಕೇಳಿದರೆ ಮನೆಗೆ ಹೋಗಬೇಕಾಗುತ್ತಿತ್ತು.

ತಂತಿಯಮ್ಮನ ಮನೆಯ ಹಿಂದಿನ ಕೋಣೆಗೆ ದಪ್ಪ ಗೋಡೆ, ಒಂದೇ ಕಿಟಕಿ. ಮಂಚದ ಮೇಲೆ ಅಕ್ಕ, ಮೂಗು ಬಾಯಿ ಮುಚ್ಚಿದ ಮಾಸ್ಕು. ತಂಗಿ ಅವಳ ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲು ಬದಲಿಸುತ್ತಿದ್ದಳು. ಸಮವಸ್ತ್ರ ಕಂಡರೂ ಕೈ ನಿಲ್ಲಿಸಲಿಲ್ಲ.

"ಒಂದು ನಿಮಿಷ. ಕಾಲು ಸರಿಮಾಡ್ಬಿಡ್ತೀನಿ."

ಇನ್ಸ್‌ಪೆಕ್ಟರ್ ಕಾದಳು.

"ಸೆಟ್ಟಿಂಗ್ ಬದಲಾಯಿಸಿದ್ದು ನೀವಾ?"

"ಹೌದು."

"ಒಬ್ಬರು ಸತ್ತಿದ್ದಾರೆ, ಗೊತ್ತಾ?"

"ನಿನ್ನೆ ಸಂಜೆ ಗೊತ್ತಾಯ್ತು."

"ಗೊತ್ತಾದ ಮೇಲೂ ಹಾಗೇ ಬಿಟ್ರಿ."

ಅವಳು ಹೊದಿಕೆಯ ಅಂಚನ್ನು ಸರಿಪಡಿಸಿದಳು. "ನಮ್ಮನೆಗೆ ಮಾತ್ರ ಅಂತ ಹಾಕಿದ್ದೆ. ಮೂರು ರಾತ್ರಿ ನಿದ್ದೆ ಇರ್ಲಿಲ್ಲ. ಸೆಟ್ಟಿಂಗ್ ಫೈಲಲ್ಲಿ ನಮ್ಮ ಯಂತ್ರದ ಹೆಸರಿನ ಕೆಳಗೆ ಬರೀಬೇಕಾದ್ದನ್ನ ಎಲ್ಲದಕ್ಕೂ ಮೇಲೆ ಬರೆದುಬಿಟ್ಟಿದ್ದೆ. ಅಲ್ಲಿ ಬರೆದ್ರೆ ಎಲ್ಲಾ ಮನೆಗೂ ಅನ್ವಯ. ನಿನ್ನೆ ಸರಿಮಾಡೋಕೆ ಕೂತೆ. ಇವಳು ನೀರು ಕೇಳಿದ್ಲು. ಕೊಟ್ಟು ಬಂದವಳು ಮತ್ತೆ ಕೂರೋಕಾಗ್ಲಿಲ್ಲ."

"ಯಾಕೆ?"

"ಸಾವಾದ ಮೇಲೆ ಎಲ್ಲಾ ತೆಗೆದು ನೋಡ್ತಾರೆ, ನಮ್ಮನೆಗೆ ಮಾತ್ರ ಅಂತ ಬರೆಯೋ ಹಾಗಿರ್ಲಿಲ್ಲ. ಪೂರ್ತಿ ತೆಗೆದ್ರೆ ಇವಳು ಕೆಂಪಾಗ್ತಾಳೆ."

ಅಷ್ಟರಲ್ಲಿ ತಂತಿಯಮ್ಮನ ಫೋನು ಬಡಿದುಕೊಂಡಿತು. ನರ್ಸಮ್ಮನ ದನಿ ಕೋಣೆಗೆಲ್ಲ ಕೇಳಿಸಿತು: "ಮೇಡಂ, ನಿಮ್ಮನೆ ಲಿಂಕ್ ಹೋಗಿದೆ. ಅಕ್ಕ ಹೇಗಿದ್ದಾರೆ ನೋಡಿ." ಅಕ್ಕ ಚೆನ್ನಾಗಿಯೇ ಇದ್ದಳು. ಸಿಗ್ನಲ್ ಮಾತ್ರ ಹೋಗಿತ್ತು.

"ಮೂರನೇದು," ಎಂದಳು ತಂತಿಯಮ್ಮ.

ಸಂಜೆ ಐದೂವರೆಗೆ ಬಂಧನವಾಯಿತು. ಆಂಬುಲೆನ್ಸಿನವರು ಅಕ್ಕನನ್ನು ಎತ್ತುವಾಗ ತಂಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು, ಎಡಭುಜ ಹಿಡಿಯಬಾರದೆಂದು ಹೇಳುತ್ತಲೇ ಇದ್ದಳು. ಅವರು ತಲೆಯಾಡಿಸಿದರು. ಹೋದ ವರ್ಷ ಅಕ್ಕ ವಾರ್ಡಿನಲ್ಲಿದ್ದಾಗಲೂ ಅಲ್ಲಿಯವರು ಹೀಗೇ ತಲೆಯಾಡಿಸಿದ್ದರಂತೆ. ಮೂರೇ ವಾರಕ್ಕೆ ಬೆನ್ನಿನ ಹುಣ್ಣು ಮೂಳೆ ಮುಟ್ಟಿತ್ತು. ಅಕ್ಕ ಮಾಸ್ಕಿನೊಳಗಿಂದ ಏನೋ ಅಂದಳು. ಯಾರಿಗೂ ತಿಳಿಯಲಿಲ್ಲ. ತಂಗಿಯೊಬ್ಬಳೇ "ಆಯ್ತು, ತಿಂತೀನಿ" ಎಂದಳು.

ಠಾಣೆಯಲ್ಲಿ ರಿಮಾಂಡ್ ವರದಿ ಬರೆಯುವಾಗ ಇನ್ಸ್‌ಪೆಕ್ಟರ್ 'ಕೃತ್ಯದ ಉದ್ದೇಶ' ಎಂಬಲ್ಲಿ ಪೆನ್ನು ನಿಲ್ಲಿಸಿದಳು. ಕೊನೆಗೆ ಬರೆದಳು: ಆರೋಪಿಯು ತನ್ನ ಅಕ್ಕನನ್ನು ಮನೆಯಲ್ಲೇ ಇರಿಸಿಕೊಳ್ಳಬಯಸಿದ್ದು.

ದಫೇದಾರ ಬಗ್ಗಿ ಓದಿದ. "ಇಷ್ಟೇನಾ ಮೇಡಂ?"

"ಇಷ್ಟೇ," ಎಂದು ಅವಳು ಸಹಿ ಹಾಕಿದಳು.