ಹನ್ನೆರಡು ಹಾಳೆಗೆ ಒಂದೇ ಗಾಯ

ರೋಹಿತ ಬಾಗಿಲು ತೆರೆದ. ಎರಡು ಹೆಜ್ಜೆ ಒಳಗಿಟ್ಟ. ಆಮೇಲೆ ಕಿಟಾರನೆ ಕಿರುಚಿದ.

ಅವನ ಬೆನ್ನ ಹಿಂದೆಯೇ ನಿಂತಿದ್ದ ಸಾವಂತ್ರವ್ವ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಇಣುಕಿದಳು. ವಿಮಾನ ನಗರದ ಆ ಸ್ಟುಡಿಯೋದ ನಡುವೆ ಉದ್ದನೆಯ ಮೇಜು. ಮೇಜಿನ ತುಂಬ ಸೀಳಿ ಹಾಕಿದ ಚಿತ್ರಗಳು. ಎಣಿಸಿದಳು: ಹನ್ನೆರಡು. ಹಳೆಯ ವಾಡೆಯ ಬಾಗಿಲು, ಬಾವಿಕಟ್ಟೆಯ ಹೆಂಗಸರು, ಸಾಸವಡದ ದಾರಿಯ ಪಾಲಖಿ ಮೆರವಣಿಗೆ, ಎಲ್ಲವೂ ಪಟ್ಟಿ ಪಟ್ಟಿಯಾಗಿ ಬಿದ್ದಿದ್ದವು. ನಡುವೆ ಒಂದು ಹಾಳೆ. ಅದರ ಮೇಲೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಅಕ್ಷರಗಳಲ್ಲಿ ಮರಾಠಿಯ ಒಂದೇ ಸಾಲು: ನೀನು ನನ್ನ ಕೆಲಸ ಕಿತ್ತುಕೊಂಡೆ, ನಾನು ನಿನ್ನ ಕೆಲಸ ಹರಿದೆ.

"ಯಾರೂ ಮುಟ್ಟಬ್ಯಾಡ್ರಿ! ಮೇಡಂಗ ಫೋನ್ ಮಾಡ್ತೀನಿ," ಎಂದ ಸ್ಟುಡಿಯೋದ ಸಹಾಯಕ ರೋಹಿತ. ಅವನ ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು.

ಮೇಡಂ ಎಂದರೆ ಶಾಮಲಾ. ಈ ಸ್ಟುಡಿಯೋದ ಒಡತಿ, ಕಲಾ ನಿರ್ದೇಶಕಿ. ಚಾಕಣದ ಕಾರ್ಖಾನೆಗಳ ಲಾಂಛನ, ಗಣಪತಿ ಮಂಡಳಗಳ ಅಲಂಕಾರ, ಪುಸ್ತಕದ ಮುಖಪುಟ, ಎಲ್ಲಕ್ಕೂ ಅವಳೇ ಬೇಕು. ಈ ಸಲ ದೊಡ್ಡದೊಂದು ದೀಪಾವಳಿ ಅಂಕಕ್ಕೆ, ಅಂದರೆ ಪತ್ರಿಕೆಯ ಹಬ್ಬದ ವಿಶೇಷ ಸಂಚಿಕೆಗೆ, ಹನ್ನೆರಡು ಜಲವರ್ಣ ಚಿತ್ರ ಬರೆದಿದ್ದಳು. ಕೈಯಿಂದಲೇ ಬರೆದದ್ದು ಎಂದು ಮೂರು ತಿಂಗಳಿಂದ ಊರೆಲ್ಲ ಡಂಗುರ. ಭಾನುವಾರ ಆ ಮೂಲ ಚಿತ್ರಗಳ ಪ್ರದರ್ಶನ. ಇವತ್ತು ಶುಕ್ರವಾರ.

ಸಾವಂತ್ರವ್ವ ಇಲ್ಲಿಗೆ ಬಂದದ್ದು ಚಿತ್ರ ನೋಡಲಿಕ್ಕಲ್ಲ, ಜಗಳ ಆಡಲಿಕ್ಕೆ. ನಾರಾಯಣ ಪೇಠದಲ್ಲಿ ಅವಳ ಗಂಡ ಸಿದ್ದಲಿಂಗಪ್ಪನ ಪ್ರೆಸ್ಸು ಮೂವತ್ತೊಂದು ವರ್ಷದಿಂದ ನಡೆದಿದೆ. ಯಂತ್ರ ಅವನದು, ಕಾಗದ ಕತ್ತರಿಸುವುದು, ಪ್ರೂಫು ನೋಡುವುದು ಅವಳದು. ಅಂಕದ ಮುಖಪುಟ ಅಚ್ಚು ಮಾಡುವ ಕೆಲಸ ಮೊದಲು ಅವರಿಗೇ ಬಂದಿತ್ತು. ಬಣ್ಣ ಹೊಂದಿಸಲು ಮೂಲ ಚಿತ್ರವನ್ನು ಯಂತ್ರದ ಪಕ್ಕದಲ್ಲಿ ಇಟ್ಟುಕೊಳ್ಳುವುದು ಸಿದ್ದಲಿಂಗಪ್ಪನ ಹಟ. ಶಾಮಲಾ ಕೊಡಲಿಲ್ಲ, ಕಂಪ್ಯೂಟರಿನಿಂದ ಫೈಲು ಮಾತ್ರ ಕಳಿಸಿದಳು. ಅವನು ಕೇಳಿದ. ಶಾಮಲಾ ಬೈದಳು. ಮೂರು ವಾರದ ಹಿಂದೆ ಇದೇ ಮೇಜಿನ ಮುಂದೆ ನಿಂತು ಅವನು, "ಮೂಲ ತೋರಸ್ರಿ, ಇಲ್ಲಾಂದ್ರ ಹರದ ಒಗೀತೀನಿ," ಎಂದು ಅಬ್ಬರಿಸಿದ್ದ. ಅವನು ಹರಿಯುತ್ತೇನೆ ಎಂದದ್ದು ಕೈಯಲ್ಲಿದ್ದ ಪ್ರೂಫನ್ನು. ಮರುದಿನವೇ ಕೆಲಸ ಬೇರೆ ಪ್ರೆಸ್ಸಿಗೆ ಹೋಯಿತು. ಅಂದಿನಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲ. ಸಾವಂತ್ರವ್ವನ ಹೊಟ್ಟೆ ಉರಿದುಹೋಗಿತ್ತು. ಬೆಳಗ್ಗೆ ಅವನು ಸ್ನಾನಕ್ಕಿಳಿದಾಗ, ಹೇಳದೆ ಕೇಳದೆ ಮನೆ ಬಿಟ್ಟು ಬಸ್ಸು ಹತ್ತಿದ್ದಳು.

ಈಗ ಮೇಜಿನ ಹತ್ತಿರ ಬಾಗಿ ನೋಡಿದಳು. ಮುಟ್ಟಲಿಲ್ಲ. ಪ್ರತಿ ಹಾಳೆಯ ಮೊದಲ ಸೀಳು ಎಡ ಅಂಚಿನಿಂದ ಸರಿಯಾಗಿ ನಾಲ್ಕು ಬೆರಳು ಬಿಟ್ಟು ಶುರುವಾಗಿತ್ತು. ಹನ್ನೆರಡರಲ್ಲೂ ಹಾಗೆಯೇ.

*

ಶಾಮಲಾ ಬಂದಳು. ಮೇಜು ನೋಡಿದಳು. ಮುಖ ಮುಚ್ಚಿಕೊಂಡು ಕುರ್ಚಿಗೆ ಕುಸಿದಳು. ಪೊಲೀಸರೂ ಬಂದರು. ಸಬ್‌ಇನ್ಸ್‌ಪೆಕ್ಟರ್ ನಿತಿನ, ಮೂವತ್ತೈದರ ಒಳಗಿನವನು, ಮೂಗಿನ ತುದಿಯಲ್ಲೇ ಸಿಟ್ಟು. ಅವನ ಮಾತೆಲ್ಲ ಮರಾಠಿ. ಸಾವಂತ್ರವ್ವನ ಉತ್ತರ ಅರ್ಧ ಮರಾಠಿ, ಅರ್ಧ ಬೆಳಗಾವಿ ಕನ್ನಡ.

ಶಾಮಲಾ ತಲೆ ಎತ್ತಿ ಅವಳನ್ನು ಕಂಡಳು. "ಈಕಿ ಯಾಕ ಇಲ್ಲಿದ್ದಾಳ?"

"ನಿಮಗ ನಾಕ ಮಾತ ಅನ್ನಾಕ ಬಂದಿದ್ದೆ."

"ಗಂಡ ಹಾಳ ಮಾಡಿ ಹೋದ, ಹೆಂಡತಿ ನೋಡ್ಲಿಕ್ಕೆ ಬಂದ್ಳು! ಪ್ರೆಸ್ಸಿನ ಮಂದಿಗೆ ಸಲಿಗಿ ಕೊಟ್ಟಿದ್ದು ನನ್ನ ತಪ್ಪು."

"ನಾಲಿಗಿ ಬಿಗಿ ಹಿಡೀರಿ, ಮೇಡಂ."

"ಸಾಕು!" ನಿತಿನ ಗದರಿದ. "ಬೀಗ ಒಡೆದಿಲ್ಲ. ಈ ನಂಬರ್ ಬೀಗದ ನಂಬರು ಯಾರಿಗೆ ಗೊತ್ತು?"

"ನನಗೆ, ರೋಹಿತನಿಗೆ, ಮತ್ತೆ ಆ ಸಿದ್ದಲಿಂಗಪ್ಪನಿಗೆ," ಎಂದಳು ಶಾಮಲಾ. "ನಾವು ಬರೋ ಮೊದಲೇ ಅಚ್ಚಾದ ಮಾಲು ತಂದು ಒಳಗಿಟ್ಟು ಹೋಗ್ತಿದ್ದ. ನಿನ್ನೆ ಸಂಜೆ ಏಳಕ್ಕೆ ಬೀಗ ಹಾಕಿದಾಕಿ ನಾನು. ಆಗ ಎಲ್ಲಾ ಸರಿ ಇತ್ತು."

ನಿತಿನ ಕೈಗವಸು ಹಾಕಿಕೊಂಡು ಆ ಬೆದರಿಕೆಯ ಹಾಳೆಯನ್ನು ಮಗುಚಿದ. ಹಿಂಬದಿಯಲ್ಲಿ ಅಂಕದ ಮುಖಪುಟ ಅಚ್ಚಾಗಿತ್ತು. ಅಂಚಿನಲ್ಲಿ ಬಣ್ಣದ ಚೌಕಗಳು, ಪ್ರೆಸ್ಸಿನ ಹೆಸರು.

"ಇದು ನಿಮ್ಮ ಪ್ರೆಸ್ಸಿನ ಹಾಳೆಯಲ್ಲವೇ, ಮಾವಶಿ?"

"ನಮ್ಮದ."

ತಾನೇ ಗಂಡನ ಕೊರಳಿಗೆ ಹಗ್ಗ ಹಾಕಿದೆನೆಂದು ಅವಳಿಗೆ ತಿಳಿದದ್ದು ಮಾತು ಬಾಯಿಂದ ಬಿದ್ದ ಮೇಲೆ.

*

ಹನ್ನೊಂದಕ್ಕೆ ಸಿದ್ದಲಿಂಗಪ್ಪನನ್ನು ಓಡುತ್ತಿದ್ದ ಯಂತ್ರದ ಮುಂದಿನಿಂದಲೇ ಎತ್ತಿಕೊಂಡು ಹೋದರು. ಅರ್ಧ ಪೇಠ ಬಾಗಿಲಿಗೆ ಬಂದು ನೋಡಿತು. ಸಾವಂತ್ರವ್ವ ರಿಕ್ಷಾ ಹಿಡಿದು ಠಾಣೆಗೆ ಓಡಿದಳು. ಒಳಕೋಣೆಯ ಬೆಂಚಿನ ಮೇಲೆ ಅವನು ಕೂತಿದ್ದ. ಕೈಯ ಮಸಿ ಕೂಡ ಒರೆಸಿಕೊಂಡಿರಲಿಲ್ಲ. ಅವಳನ್ನು ಕಂಡವನೇ ಗೋಡೆಯ ಕಡೆ ಮುಖ ತಿರುಗಿಸಿದ.

"ಇನ್ನು ಓಡಾಡಿ ಪ್ರಯೋಜನವಿಲ್ಲ," ಎಂದ ನಿತಿನ. "ನಾನೇ ಮಾಡಿದೆ ಎಂದು ಒಪ್ಪಿಕೊಂಡಿದ್ದಾರೆ. ಸಂಜೆ ಐದಕ್ಕೆ ಕೋರ್ಟಿಗೆ ಹಾಜರು ಮಾಡುತ್ತೇನೆ."

ಸಾವಂತ್ರವ್ವ ಅವನ ಮೇಜಿನ ಮುಂದೆ ಬಂದು ನಿಂತಳು. "ಸುಳ್ಳ! ರಾತ್ರಿ ಪೂರಾ ನನ್ನ ಬಾಜೂಕ ಗೊರಕಿ ಹೊಡ್ಯಾಕತ್ತಿದ್ರು. ಬೆಳಿಗ್ಗಿ ನಾ ಹೊರಡೋ ಮುಂದ ಸ್ನಾನದ ಮನ್ಯಾಗ ಇದ್ರು."

"ಹೆಂಡತಿಯ ಸಾಕ್ಷಿಗೆ ಬೆಲೆ ಎಷ್ಟು ಅಂತ ನಿಮಗೂ ಗೊತ್ತು."

ಯಾಕೆ ಒಪ್ಪಿಕೊಂಡ? ಹೊಡೆದರೇ? ಮುಖದ ಮೇಲೆ ಏಟಿನ ಗುರುತಿರಲಿಲ್ಲ. ಅವಳಿಗೆ ಅಳು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ಗಂಡನ ಮೇಲೂ ಬಂತು.

"ಹ್ಯಾಂಗ ಮಾಡಿದೆ ಅಂದ್ರು? ಅದನ್ನರ ಹೇಳ್ರಿ ಸಾಹೇಬ್ರ."

ನಿತಿನ ಕಾಗದ ನೋಡಿದ. "ಒಂದೊಂದೇ ಹಾಳೆ ಎತ್ತಿ ಕೈಯಿಂದ ಹರಿದೆ ಎಂದಿದ್ದಾರೆ."

"ಕೈಯಿಂದ?" ಸಾವಂತ್ರವ್ವ ಮೇಜು ಕುಟ್ಟಿದಳು. "ನೀವ ಕಣ್ಣಾರೆ ನೋಡೀರಲ್ಲ, ಅವು ಕೈಯಿಂದ ಹರದಿದ್ದಾ? ಬ್ಲೇಡಿನಿಂದ ಕೊಯ್ದಿದ್ದು. ಹನ್ನೆರಡನ್ನೂ ಒಂದರ ಮ್ಯಾಲೊಂದು ಇಟ್ಟು, ಮ್ಯಾಲೆ ಉಕ್ಕಿನ ಪಟ್ಟಿ ಒತ್ತಿ, ಸಾವಕಾಶ ಕೊಯ್ದಾರ. ಅದಕ್ಕ ಎಲ್ಲಾ ಹಾಳಿಗೂ ಗಾಯ ಒಂದ ಜಾಗಾದಾಗ ಅದ. ಮೂವತ್ತೊಂದ ವರ್ಷ ಕಾಗದ ಕೊಯ್ದೀನಿ, ನನಗ ಹೇಳಬ್ಯಾಡ್ರಿ. ಸಿಟ್ಟಿಗೆದ್ದಾವ ಹಂಗ ಅಳತಿ ಹಿಡಿದು ಕೊಯ್ತಾನೇನ್ರಿ?"

ನಿತಿನ ಕಾಗದ ಕೆಳಗಿಟ್ಟ. ಫೋನು ತೆಗೆದು ಬೆಳಗಿನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದ. ಮುಖ ಇನ್ನಷ್ಟು ಗಂಟಾಯಿತು. ಯಾವ ಅಧಿಕಾರಿಗೂ ಮುಗಿದ ಕೇಸು ಮತ್ತೆ ಬಿಚ್ಚಿಕೊಳ್ಳುವುದು ಇಷ್ಟವಾಗುವುದಿಲ್ಲ.

"ಪಂಚನಾಮೆ ಮುಗಿಸಲು ಮೂರಕ್ಕೆ ಸ್ಟುಡಿಯೋಗೆ ಹೋಗುತ್ತೇನೆ," ಎಂದ ಕೊನೆಗೆ. "ಏನು ಹೇಳುವುದಿದ್ದರೂ ಅಲ್ಲಿ ಹೇಳಿ. ಆಮೇಲೆ ನನ್ನ ತಲೆ ತಿನ್ನಬೇಡಿ."

*

ಮೂರಕ್ಕೆ ಹತ್ತು ನಿಮಿಷ. ಸಾವಂತ್ರವ್ವ ಪ್ರೆಸ್ಸಿಗೆ ಹೋಗಿ, ಸುರುಳಿ ಸುತ್ತಿದ ಒಂದು ಹಾಳೆ ಬಗಲಲ್ಲಿ ಇಟ್ಟುಕೊಂಡು ವಿಮಾನ ನಗರಕ್ಕೆ ಬಂದಿದ್ದಳು. ರೋಹಿತ ಮೆಟ್ಟಿಲ ಮೇಲೆ ಕೂತಿದ್ದ. ಅವಳು ನೇರ ಅವನ ಮೇಲೆರಗಿದಳು.

"ಬೆರಳ ಹ್ಯಾಂಗ ಕೊಯ್ಕೊಂಡಿ?"

"ರಟ್ಟ ಕತ್ತರಿಸೋ ಮುಂದ, ಮಾವಶಿ. ಪ್ರದರ್ಶನಕ್ಕ ಚೌಕಟ್ಟಿಗೆ ರಟ್ಟ ಬೇಕಿತ್ತು. ಬುಧವಾರ."

"ನಿನ್ನೆ ರಾತ್ರಿ ಎಲ್ಲಿದ್ದಿ?"

"ಸಾಸವಡದಾಗ, ಅಕ್ಕನ ಮನ್ಯಾಗ." ಅವನು ಕಿಸೆಯಿಂದ ಬೆಳಗಿನ ಬಸ್ಸಿನ ಟಿಕೀಟು ತೆಗೆದು ಅವಳ ಮೂಗಿನ ಮುಂದೆ ಹಿಡಿದ. "ಐದಕ್ಕ ಹ್ವಾದೆ, ಬೆಳಿಗ್ಗಿ ಸೀದಾ ಇಲ್ಲಿಗೆ ಬಂದೆ. ಅಕ್ಕನ ಮನೀಗೆ ಫೋನ್ ಹಚ್ಚಿ ಕೇಳ್ರಿ. ಪೊಲೀಸರೂ ಕೇಳ್ಯಾರ. ನನ್ನ ಮ್ಯಾಲೆ ಯಾಕ ಹಲ್ಲ ಕಡೀತೀರಿ?"

ಸಾವಂತ್ರವ್ವ ಅವನ ಪಕ್ಕದಲ್ಲೇ ಕೂತಳು. ಬೆಳಗಿನಿಂದ ಅವಳ ಅನುಮಾನವೆಲ್ಲ ಈ ಪಟ್ಟಿ ಕಟ್ಟಿದ ಬೆರಳಿನ ಮೇಲೇ ಇತ್ತು. ಅದು ಕೈಬಿಟ್ಟು ಹೋಯಿತು.

"ರಟ್ಟು ಕೊಯ್ದಿ. ಚೌಕಟ್ಟಿನಾಗ ಚಿತ್ರ ಕೂಡಿಸಿದ್ದು ಯಾರು?"

"ಯಾರೂ ಇಲ್ಲ. ನಿನ್ನೆ ಮಧ್ಯಾಹ್ನ ಮೇಡಂ ಬ್ಯಾಡ ಅಂದ್ರು. ಅವನ್ನ ಒಮ್ಮೆನೂ ನನ್ನ ಕೈಗೆ ಕೊಟ್ಟಿಲ್ಲ. ಮ್ಯಾಲೆ ಬಟರ್ ಪೇಪರ್ ಮುಚ್ಚಿ ಕಪಾಟಿನಾಗ ಇಟ್ಟು ಕೀಲಿ ಹಾಕ್ತಿದ್ರು."

"ಬರಿಯೋದರ ನೋಡೀಯೇನು?"

ರೋಹಿತ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದ. "ಮನ್ಯಾಗ ಬರೀತೀನಿ ಅಂತಿದ್ರು. ಅವರ ಬೆರಳಿಗೆ ಬಣ್ಣ ಹತ್ತಿದ್ದು ನಾ ನೋಡಿಲ್ಲ."

ಸಾವಂತ್ರವ್ವ ದಡಕ್ಕನೆ ಎದ್ದಳು.

*

ಒಳಗೆ ಮೇಜಿನ ಒಂದು ಕಡೆ ನಿತಿನ, ಇನ್ನೊಂದು ಕಡೆ ಶಾಮಲಾ. ಸಾವಂತ್ರವ್ವ ಬಗಲಿನ ಸುರುಳಿ ಬಿಚ್ಚಿ ಹಾಸಿದಳು. ಅದೇ ಮುಖಪುಟ. ಅದೇ ಬಣ್ಣದ ಚೌಕಗಳು.

"ಪ್ರೂಫ್ ಅಂತ ನಾವು ಎರಡ ಹಾಳಿ ತಗೀತೀವಿ. ಎರಡ, ಮೂರಿಲ್ಲ. ಒಂದು ಗಿರಾಕಿಗೆ, ಒಂದು ನಮಗ. ನಮ್ಮದು ಇದು. ಈ ಮೂಲ್ಯಾಗ ಮೇಡಂ ಅವರ ಸಹಿ ಅದ, ನೋಡ್ರಿ. ಗಿರಾಕಿ ಹಾಳಿಗೆ ಸಹಿ ಇರೂದಿಲ್ಲ. ಬೆದರಿಕಿ ಅಂಟಿಸಿದ್ದು ಆ ಸಹಿ ಇಲ್ಲದ ಹಾಳಿ ಮ್ಯಾಲೆ. ನನ್ನ ಗಂಡ ಪ್ರೆಸ್ಸಿನಿಂದ ತಂದಿದ್ರ ಇದು ಪ್ರೆಸ್ಸಿನಾಗ ಹ್ಯಾಂಗ ಉಳೀತು?"

ನಿತಿನ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. "ಅಂದರೆ ಬೆದರಿಕೆಯ ಹಾಳೆ ಈ ಸ್ಟುಡಿಯೋದಲ್ಲೇ ಇತ್ತು."

"ಇತ್ತು. ಅವನೇ ಕದ್ದಿರಬೇಕು, ನಂಬರು ಗೊತ್ತಿತ್ತಲ್ಲ," ಎಂದಳು ಶಾಮಲಾ. "ಸಾಹೇಬ್ರೆ, ಈ ಹೆಂಗಸನ್ನ ಹೊರಗ ಹಾಕ್ರಿ. ನನ್ನ ಮೂರು ತಿಂಗಳ ಶ್ರಮ ಹಾಳಾಗೇದ."

"ಶ್ರಮ ಎಲ್ಲಿ ಅದ ಅಂತ ನೋಡೋಣು ತಡೀರಿ."

ಸಾವಂತ್ರವ್ವ ಪರ್ಸಿನಿಂದ ಸಣ್ಣ ಭೂತಗನ್ನಡಿ ತೆಗೆದಳು. ಅಚ್ಚಿನ ಚುಕ್ಕಿ ನೋಡಲು ಪ್ರತಿ ಪ್ರೆಸ್ಸಿನಲ್ಲೂ ಇರುವಂಥದು. ಶಾಮಲಾ ಕುರ್ಚಿಯಿಂದ ಎದ್ದು ಕೈ ಅಡ್ಡ ಹಿಡಿದಳು.

"ಮುಟ್ಟಬ್ಯಾಡ! ಅದು ಸಾಕ್ಷಿ!"

ಬೆಳಗಿನಿಂದ ತನ್ನ ಚಿತ್ರಗಳ ಒಂದು ಚೂರನ್ನೂ ಮುಟ್ಟದಿದ್ದವಳು ಈಗ ಅವುಗಳಿಗೆ ಮೈ ಅಡ್ಡ ಕೊಟ್ಟು ನಿಂತಿದ್ದಳು. ನಿತಿನನಿಗೂ ಅದು ಕಂಡಿತು. ಅವಳನ್ನು ಸರಿಸಿ ನಿಲ್ಲಿಸಿ, ಭೂತಗನ್ನಡಿಯನ್ನು ತಾನೇ ಇಸಿದುಕೊಂಡು ಪಾಲಖಿಯ ಪಟ್ಟಿಯ ಮೇಲಿಟ್ಟ. ಬಹಳ ಹೊತ್ತು ನೋಡಿದ.

"ಚುಕ್ಕಿಗಳು," ಎಂದ. "ಬರೀ ಚುಕ್ಕಿಗಳು."

"ಕುಂಚದಿಂದ ಬರದ್ರ ಚುಕ್ಕಿ ಇರೂದಿಲ್ಲ ಸಾಹೇಬ್ರ, ಬಣ್ಣ ಹರಡಿರ್ತದ. ನೀರ ಕುಡದ ಕಾಗದ ಒಣಗಿದ ಮ್ಯಾಲೆ ಡೊಂಕ ಆಗ್ತದ. ಇವು ನೋಡ್ರಿ, ಹೊಸಾ ಹಾಳಿ ಹಂಗ ಸಪಾಟ ಅದಾವ. ಇವು ಚಿತ್ರ ಅಲ್ಲ. ಪ್ರಿಂಟರಿನಿಂದ ತಗದಿದ್ದು."

ಸಾವಂತ್ರವ್ವ ಶಾಮಲಾಳ ಕಡೆ ತಿರುಗಿದಳು. "ನನ್ನ ಗಂಡ ಮೂಲ ಕೇಳಿದ್ರ ನಿಮ್ಮ ಮೈಯಾಗ ಯಾಕ ಬೆಂಕಿ ಬಿತ್ತು ಅಂತ ಈಗ ತಿಳೀತು. ಮೂಲಾನ ಇರಲಿಲ್ಲ. ಯಾರು ಬರದ್ರು ಇವನ್ನ?"

ಶಾಮಲಾ ಮತ್ತೆ ಕುರ್ಚಿಯಲ್ಲಿ ಕೂತಳು. ನಿತಿನ ಅವಳ ಕಂಪ್ಯೂಟರಿನ ಕಡೆ ಬೆರಳು ತೋರಿಸಿ, "ಅದನ್ನು ಜಪ್ತು ಮಾಡಿದರೆ ಎಲ್ಲ ಹೊರಗೆ ಬರುತ್ತದೆ. ನೀವೇ ಹೇಳಿದರೆ ಒಳ್ಳೆಯದು," ಎಂದ.

"ಎಐ," ಎಂದಳು ಶಾಮಲಾ. ಅಷ್ಟು ಹೇಳಿದ್ದೇ, ಉಳಿದದ್ದು ತಡೆಯಿಲ್ಲದೆ ಬಂತು. ಗಣಪತಿ ಮಂಡಳದ ಅಲಂಕಾರ, ಚಾಕಣದ ಜಾಹೀರಾತು, ಅಂಕದ ಚಿತ್ರ, ಮೂರನ್ನೂ ಒಟ್ಟಿಗೆ ಒಪ್ಪಿಕೊಂಡಿದ್ದಳು. ಕುಂಚ ಬಿಟ್ಟು ಆರು ವರ್ಷವಾಗಿತ್ತು, ಕೈ ಓಡಲಿಲ್ಲ. ಯಂತ್ರಕ್ಕೆ ಹೇಳಿ ಬರೆಸಿ, ದಪ್ಪ ಕಾಗದದ ಮೇಲೆ ಪ್ರಿಂಟು ತೆಗೆದಳು. ಕೈಯಿಂದ ಬರೆದ ಚಿತ್ರ ಎಂದು ಜಂಬ ಕೊಚ್ಚಿಕೊಂಡದ್ದು ನಿಲ್ಲಲಿಲ್ಲ. ಸಂಪಾದಕರು ಅದನ್ನು ನಂಬಿ ಪ್ರದರ್ಶನ ಇಟ್ಟರು. ಭಾನುವಾರ ಊರಿನ ಚಿತ್ರಕಾರರೆಲ್ಲ ಬಂದು ಹತ್ತಿರ ನಿಂತು ನೋಡುವವರಿದ್ದರು. ಕಳುವಾಯಿತು ಎಂದರೆ ಹುಡುಕುತ್ತಾರೆ. ಯಾರೋ ಹಾಳು ಮಾಡಿದರು ಎಂದರೆ ಅಯ್ಯೋ ಪಾಪ ಎನ್ನುತ್ತಾರೆ. ಅದಕ್ಕೇ ನಿನ್ನೆ ರೋಹಿತ ಹೋದ ಮೇಲೆ ತಾನೇ ಕೊಯ್ದು, ಬೆದರಿಕೆ ಅಂಟಿಸಿ, ಬೀಗ ಹಾಕಿ ಹೋಗಿದ್ದಳು.

"ಹರೀತೀನಿ ಅಂತ ಅವನೇ ಕೂಗಿದ್ದ," ಎಂದಳು. "ರೋಹಿತ ಕೇಳಿದ್ದ."

"ಅದಕ್ಕ ಅವರ ಹೆಸರು ಸಸ್ತಾ ಸಿಕ್ತು, ಹೌದಲ್ಲ?" ಎಂದಳು ಸಾವಂತ್ರವ್ವ. "ನಿನ್ನ ಹನ್ನೆರಡು ಸುಳ್ಳು ಮುಚ್ಚಾಕ ನನ್ನ ಗಂಡಗ ಬೇಡಿ ಹಾಕಸ್ತಿದ್ದೆಲ್ಲ. ನೀ ಎಂಥಾ ಹೆಂಗಸು!"

ಸಾವಂತ್ರವ್ವನಿಗೆ ಶಾಮಲಾಳ ಮೇಲೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

*

ಸಂಜೆ ಸಿದ್ದಲಿಂಗಪ್ಪನನ್ನು ಬಿಟ್ಟರು. ಅವನು ಠಾಣೆಯ ಮೆಟ್ಟಿಲು ಇಳಿದು ಬಂದ. ಸಾವಂತ್ರವ್ವ ರಸ್ತೆಯಲ್ಲೇ ಅವನನ್ನು ತಡೆದು ನಿಲ್ಲಿಸಿದಳು. ದಿನವಿಡೀ ನುಂಗಿದ್ದೆಲ್ಲ ಈಗ ಹೊರಬಂತು.

"ಮಾಡಲಾರದ್ದನ್ನ ಮಾಡೀನಿ ಅಂತ ಯಾಕ ಒಪ್ಪಿಕೊಂಡ್ರಿ? ತಲಿ ಕೆಟ್ಟಿತ್ತೇನು ನಿಮಗ? ಹೊಡದ್ರೇನು?"

"ಇಲ್ಲ. ಯಾರೂ ಹೊಡೀಲಿಲ್ಲ."

"ಮತ್ಯಾಕ?"

ಸಿದ್ದಲಿಂಗಪ್ಪ ಅವಳ ಮುಖ ನೋಡಲಿಲ್ಲ. ಅಂಗೈಯ ಮಸಿ ತಿಕ್ಕುತ್ತ ನಿಂತ.

"ಸ್ನಾನ ಮಾಡಿ ಹೊರಗ ಬಂದ್ರ ನೀ ಮನ್ಯಾಗ ಇರಲಿಲ್ಲ. ನಿನ್ನ ಹೆಂಡತಿ ಸ್ಟುಡಿಯೋದ ಬಾಗಲದಾಗ ಇದ್ಲು ಅಂತ ಆ ಸಾಹೇಬ ಅಂದ. ಮೂರು ವಾರದಿಂದ ನೀ ಆಕಿಗೆ ಹಿಡಿಶಾಪ ಹಾಕಾಕತ್ತಿದ್ದಿ. ಸಿಟ್ಟಿನಾಗ ನೀ ಹರದಿ ಅಂತ ತಿಳಕೊಂಡೆ, ಸಾವಂತ್ರಿ. ನಿನ್ನ ಹ್ಯಾಂಗ ಒಳಗ ಕಳಸ್ಲಿ?"

ತನ್ನನ್ನು ಇಷ್ಟು ಕೆಟ್ಟವಳು ಅಂದುಕೊಂಡನಲ್ಲ ಎಂದು ಸಾವಂತ್ರವ್ವನಿಗೆ ಒಂದು ಗಳಿಗೆ ಮೈಯೆಲ್ಲ ಉರಿಯಿತು. ಅಂದುಕೊಂಡೂ ಬೇಡಿಗೆ ಕೈ ಒಡ್ಡಿದನಲ್ಲ ಎಂದು ಮರುಗಳಿಗೆ ಕಣ್ಣು ತುಂಬಿತು. ಸೆರಗಿನಿಂದ ಮುಖ ಒರೆಸಿಕೊಂಡು ಅವನ ರಟ್ಟೆ ಹಿಡಿದಳು. ನಾರಾಯಣ ಪೇಠದ ಬಸ್ಸು ಬರುವವರೆಗೂ ಬಿಡಲಿಲ್ಲ.