ಮತ್ಸರಮಾಪಕ

ಗೋಡೆಯ ಮೇಲಿನ ಮತ್ಸರಮಾಪಕದ ಮುಳ್ಳು ಮತ್ತೆ ಕೆಂಪಿಗೆ ಏರಿತು. ಪಂಕಜಾಕ್ಷಿ ಅದರ ಮೇಲೆ ಟವೆಲ್ ಹಾಕಿ ಮುಚ್ಚಿದಳು. ಮುಚ್ಚಿದರೇನು? ಯಂತ್ರ ಅಳೆಯುತ್ತಿದ್ದುದು ಅವಳ ಎದೆಬಡಿತವನ್ನು, ಉಸಿರಿನ ಬಿಸಿಯನ್ನು.

ಸಮತಾ ಗಣರಾಜ್ಯದ ಸಿದ್ಧಾಂತ ಸರಳವಾಗಿತ್ತು. ಒಬ್ಬರಿಗೆ ಹೊಟ್ಟೆಕಿಚ್ಚು ಬಂತೆಂದರೆ ಇನ್ನೊಬ್ಬರ ಮನೆಯಲ್ಲಿ ಏನೋ ಹೆಚ್ಚಿಗೆ ಇದೆ ಎಂದೇ ಅರ್ಥ. ಆ ಹೆಚ್ಚಿನದನ್ನು ಪಕ್ಷ ಎತ್ತಿಕೊಂಡು ಹೋಗಿ ಹಂಚುತ್ತಿತ್ತು. ಹೀಗೆ ಪಕ್ಕದ ಮನೆಯ ತುಂಗಾಳ ಹೂವಿನ ಪರದೆ ಹೋಯಿತು, ಹಿತ್ತಾಳೆಯ ಸೌಟೂ ಹೋಯಿತು. ಆದರೂ ಮುಳ್ಳು ಇಳಿಯಲಿಲ್ಲ. ಪಂಕಜಾಕ್ಷಿಯ ಹೊಟ್ಟೆಕಿಚ್ಚಿಗೆ ಸೌಟು ಯಾವ ಲೆಕ್ಕ!

ಕೊನೆಗೆ ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ಮಾಲತೇಶರೇ ವಠಾರಕ್ಕೆ ಬಂದರು.

"ನಿಜ ಹೇಳಿ ಸಂಗಾತಿ, ಅವರ ಮನೇಲಿ ನಿಮ್ಮ ಕಣ್ಣು ಕುಕ್ಕೋದು ಏನು?"

"ನಗು, ಸ್ವಾಮಿ." ಪಂಕಜಾಕ್ಷಿ ನಾಲಿಗೆ ಕಚ್ಚಿಕೊಂಡಳು. "ಸಂಗಾತಿ. ಸಂಜೆ ಆದ್ರೆ ಸಾಕು, ಗಂಡ ಹೆಂಡ್ತಿ ಬಿದ್ದು ಬಿದ್ದು ನಗ್ತಾರೆ. ನಮ್ಮೋರು ಕಾರ್ಖಾನೆಯಿಂದ ಬಂದ್ರೆ ಗೋಡೆ ನೋಡ್ಕೊಂಡು ಕೂತ್ಕೋತಾರೆ. ಅಂಥ ಗಂಡ ಅವಳೊಬ್ಬಳಿಗೇ ಯಾಕೆ?"

"ನ್ಯಾಯವಾದ ಪ್ರಶ್ನೆ," ಎಂದರು ಮಾಲತೇಶ, ಸ್ವಲ್ಪವೂ ನಗದೆ.

ಆಜ್ಞೆ ಬಂತು. ಇನ್ನು ದಿನ ಬಿಟ್ಟು ದಿನ ಸಂಜೆ ತುಂಗಾಳ ಗಂಡ ಸಿದ್ದಣ್ಣ ಪಂಕಜಾಕ್ಷಿಯ ಮನೆಯಲ್ಲಿ ಕೂರಬೇಕು. ಅವಳ ಗಂಡ ರುದ್ರಪ್ಪ ತುಂಗಾಳ ಮನೆಯಲ್ಲಿ.

ಮೊದಲ ಸಂಜೆ ಪಂಕಜಾಕ್ಷಿ ಪಡಿತರದ ಸಕ್ಕರೆಯನ್ನೆಲ್ಲ ಸುರಿದು ಚಹಾ ಮಾಡಿದಳು. ಸಿದ್ದಣ್ಣ ಕೈಕಟ್ಟಿಕೊಂಡು ಕೂತಿದ್ದ.

"ಏನಾದ್ರೂ ಹೇಳಿ ಸಿದ್ದಣ್ಣ."

"ನಾನೇನು ಹೇಳ್ಲಿ ಪಂಕಜಕ್ಕಾ? ಮಾತೆಲ್ಲ ಅವಳದು. ಪಡಿತರದ ಸಾಲಲ್ಲಿ ನಿಂತೋರನ್ನೆಲ್ಲ ಸಂಜೆ ಅಣಕಿಸಿ ತೋರಿಸ್ತಾಳೆ. ಅಕ್ಕಿ ಅಳೆಯೋ ಅಧಿಕಾರೀನೂ ಬಿಡಲ್ಲ. ನಾನು ಬರೀ ನಗೋನು."

ಅಷ್ಟರಲ್ಲಿ ಗೋಡೆಯಾಚೆ ತುಂಗಾ ದಪ್ಪ ದನಿ ಮಾಡಿ ಗದರಿದ್ದು ಕೇಳಿಸಿತು. ಹಿಂದೆಯೇ ಒಂದು ನಗು. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಕಿರುಗುಟ್ಟುತ್ತ ಶುರುವಾಗಿ ಆಮೇಲೆ ಬಾಯ್ತುಂಬ ಹರಿದ ನಗು. ಮದುವೆಯಾದ ಹೊಸತರಲ್ಲಿ ಪಂಕಜಾಕ್ಷಿ ಅದನ್ನು ಕೇಳಿದ್ದಳು. ರುದ್ರಪ್ಪನ ನಗು! ಇಷ್ಟು ವರ್ಷ ಅದು ಅವನೊಳಗೇ ಇತ್ತೆ? ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಟವೆಲ್ಲಿನಡಿ ಯಂತ್ರ ಕಿರ್ರೆಂದಿತು. ಸಿದ್ದಣ್ಣ ಬಿಳಿಚಿಕೊಂಡು ಎದ್ದು ನಿಂತ.

"ಕೈ ಮುಗೀತೀನಿ ಪಂಕಜಕ್ಕಾ, ಸಮಾಧಾನ ಮಾಡ್ಕೊಳ್ಳಿ. ಈ ಸಲ ಅವಳನ್ನೇ ಎತ್ಕೊಂಡ್ ಹೋಗ್ತಾರೆ."

ತುಂಗಾ ಹೋದರೆ ಆ ನಗುವೂ ಹೋಗುತ್ತದೆ. ಪಂಕಜಾಕ್ಷಿ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು. ಗೋಡೆಯಾಚೆ ರುದ್ರಪ್ಪ ಮತ್ತೆ ನಕ್ಕ.